ಚಕ್ರದ ಸುತ್ತ ಸೀಮೆಸುಣ್ಣ

ಗಡಿ ನಮ್ಮ ಬಚ್ಚಲುಮನೆಯ ನಡುವೆ ಬಂದು ಕೂತ ವರ್ಷ ನಮ್ಮ ಯಜಮಾನರು ಇನ್ನೂ ಬದುಕಿದ್ದರು. ನೀರೊಲೆ, ಹಂಡೆ ಆಚೆ ದೇಶಕ್ಕೆ ಹೋದವು. ಬಕೆಟ್ಟು, ಚೊಂಬು ಈಚೆ ದೇಶದಲ್ಲಿ ಉಳಿದವು. ಸ್ವಂತ ಬಳಕೆಗೆಂದು ದಿನಕ್ಕೆ ತಲೆಗೆ ಎರಡು ಚೊಂಬು ಬಿಸಿನೀರನ್ನು ಸುಂಕವಿಲ್ಲದೆ ದಾಟಿಸಬಹುದಿತ್ತು. ಮೂರನೆಯ ಚೊಂಬಿಗೆ ಅರ್ಜಿ ಬರೆಯಬೇಕು. ಮೊದಲೇ ಸ್ನಾನವೆಂದರೆ ಮೈಗಳ್ಳತನ ಮಾಡುತ್ತಿದ್ದ ಮನುಷ್ಯನಿಗೆ ಇಷ್ಟು ನೆಪ ಸಾಕಾಯಿತು. "ಕಾನೂನು ಕಣೇ, ನಾನೇನ್ ಮಾಡ್ಲಿ" ಎನ್ನುತ್ತ ಎರಡು ತಿಂಗಳು ಮೈಗೆ ನೀರು ಸೋಕಿಸಲಿಲ್ಲ. ಗಡಿ ಎದ್ದು ಹಿತ್ತಿಲ ಕಡೆ ಹೋದ ದಿನ ನಾನು ಅವರನ್ನು ಹಿಡಿದು ಕೂರಿಸಿ, ಸೀಗೆಪುಡಿ ಹಾಕಿ, ಸೇಡು ತೀರುವಷ್ಟು ಉಜ್ಜಿದೆ.

ನಮ್ಮೂರಿನ ಗಡಿ ನಡೆಯುತ್ತದೆ. ಮೂರು ಬೆರಳಗಲದ ಬಿಳಿಯ ಗೆರೆ, ಬೀದಿ, ಜಗಲಿ, ನಡುಮನೆ ಎಂದು ನೋಡದೆ ಎಲ್ಲಿ ಬೇಕಾದರೂ ಹಾಯುತ್ತದೆ. ಕೆಲವು ದಿನ ಒಂದು ಗೇಣು, ಕೆಲವು ದಿನ ಒಂದು ಮಾರು. ಒಮ್ಮೊಮ್ಮೆ ಮುನಿಸಿಕೊಂಡ ಅಳಿಯನ ಹಾಗೆ ಕೂತಲ್ಲೇ ಮೂರು ತಿಂಗಳು ಕೂರುತ್ತದೆ. ಹಾಲಿನವಳು "ಇವತ್ತು ಅಂಚೆ ಕಚೇರಿ ಮೆಟ್ಟಿಲ ಮೇಲಿದೆ" ಎಂದು ಹೇಳಿಯೇ ಹಾಲು ಅಳೆಯುತ್ತಾಳೆ. ಉಪ್ಪಿನಕಾಯಿ ಜಾಡಿಯನ್ನು ಯಾರೂ ಗೋಡೆಬದಿ ಇಡುವುದಿಲ್ಲ, ನಡುಮನೆಯಲ್ಲಿ ಇಡುತ್ತಾರೆ. ಯಾವ ಕಡೆಯಿಂದ ಬಂದರೂ ಗೊತ್ತಾಗಲಿ ಎಂದು.

ಎರಡು ಸರ್ಕಾರಗಳು ಸೇರಿ ಮಾಡಿಕೊಂಡ ಒಪ್ಪಂದ ಚಿಕ್ಕದು. ಸಾಮಾನು ಗಡಿಯನ್ನು ದಾಟಿದರೆ ಮಿತಿ ಉಂಟು, ಸುಂಕ ಉಂಟು. ಗಡಿಯೇ ಸಾಮಾನನ್ನು ದಾಟಿಕೊಂಡು ಹೋದರೆ ಏನೂ ಇಲ್ಲ. ಇದ್ದಲ್ಲೇ ಇದ್ದ ಸಾಮಾನಿಗೆ ಯಾರು ತಾನೇ ದಂಡ ಹಾಕುತ್ತಾರೆ? ಹಾಗೆಂದು ಜನ ಗಡಿಯ ಮುಂದೆ ಮೂಟೆ ಒಟ್ಟಿಕೊಂಡು ಕಾಯಬಾರದಲ್ಲ. ಅದಕ್ಕೆ ಗಡಿಯಿಂದ ಐವತ್ತು ಹೆಜ್ಜೆಯೊಳಗೆ ಬೀದಿಯಲ್ಲಿ ಯಾವ ಸಾಮಾನನ್ನೂ ಇಳಿಸಿಡುವಂತಿಲ್ಲ. ಕೆಟ್ಟು ನಿಂತ ಗಾಡಿಗೆ ಮಾತ್ರ ವಿನಾಯಿತಿ. ಮೆಕ್ಯಾನಿಕ್ಕು ಚೀಟಿ ಬರೆದುಕೊಡಬೇಕು, ಸುಂಕದವರು ಬಂದು ನಾಲ್ಕೂ ಚಕ್ರಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಆಮೇಲೆ ಚಕ್ರ ಗೆರೆ ಬಿಟ್ಟು ಆಚೀಚೆ ಆದರೆ ಅದು ಕೆಟ್ಟ ಗಾಡಿಯಲ್ಲ, ಕಳ್ಳಗಾಡಿ.

ನನ್ನ ಹೆಸರು ಚಂಪಕಮ್ಮ. ವಯಸ್ಸು ಐವತ್ತೆರಡು. ಯಜಮಾನರು ಬಿಟ್ಟುಹೋದದ್ದು ಒಂದು ನೀಲಿ ವ್ಯಾನು, ಒಂದಷ್ಟು ಕೊಳಕು ಬನೀನು. ಬನೀನು ಒರೆಸುವ ಬಟ್ಟೆಯಾಯಿತು, ವ್ಯಾನು ಅನ್ನವಾಯಿತು. ಈಚೆಯ ಸಾಮಾನು ಆಚೆಗೆ, ಆಚೆಯದು ಈಚೆಗೆ ಸಾಗಿಸುವುದು ನನ್ನ ಕಸುಬು. ನನ್ನ ತಂಗಿ ವನಜ ಆಚೆ ಕಡೆ ಮೆಸ್ಸು ನಡೆಸುತ್ತಾಳೆ. ಹದಿನೆಂಟು ವರ್ಷದಿಂದ ಅವಳ ಒಲೆಗೆ ಹುಣಸೆಹಣ್ಣು ಒಯ್ಯುತ್ತಿದ್ದವಳು ನಾನು, ಯಾಕೆಂದರೆ ಆಚೆ ಹುಣಸೆ ಮರವೇ ಬೆಳೆಯುವುದಿಲ್ಲ. ವನಜನ ಸಾರು ಉಣ್ಣಲಿಕ್ಕೆ ಆಚೆಯ ಮೂರು ಬೀದಿಯವರು ತಟ್ಟೆ ಬಡಿಯುತ್ತ ಸಾಲು ನಿಲ್ಲುತ್ತಿದ್ದರು.

ಒಂದು ಸೋಮವಾರ ಆಚೆ ಸರ್ಕಾರದ ಹೊಸ ಪಟ್ಟಿ ಬಂತು. ನಿನ್ನೆಯವರೆಗೆ ದಿನಕ್ಕೆ ಗಾಡಿಗೆ ಇಪ್ಪತ್ತು ಕಿಲೋ ಇದ್ದ ಹುಣಸೆಹಣ್ಣಿನ ಮಿತಿ ಕಾಲು ಕಿಲೋ ಆಗಿತ್ತು. ಯಾಕೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇದ್ದ ಹುಣಸೆ ಬೇಗ ಮುಗಿಯದಿರಲೆಂದು ವನಜ ನಿಂಬೆಹಣ್ಣು ಹಿಂಡಿ ನೋಡಿದಳು. "ಏನಮ್ಮಾ, ಬಿಸಿ ಶರಬತ್ತು ಬಡಿಸ್ತಿದ್ದೀಯ?" ಎಂದರು ಗಿರಾಕಿಗಳು. ಸಾಲು ಅರ್ಧಕ್ಕರ್ಧ ಕರಗಿತು.

ಆಚೆಯ ಸುಂಕದ ಸಾಹೇಬರು ಚೆಲುವಯ್ಯನವರು. ಇಡೀ ಗಡಿಗೆ ಅವರೊಬ್ಬರೇ; ಎರಡೂ ಕಡೆ ಐವತ್ತು ಹೆಜ್ಜೆಯವರೆಗೆ ಅವರದೇ ಅಧಿಕಾರ. ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಹಾಗೆ ಇದ್ದಾರೆ. ಗಾಡಿ ನಿಲ್ಲಿಸಿ, ಬೆರಳಗಂಟಿನಿಂದ ಬಾಗಿಲು, ಸೀಟು, ತಳ ಎಲ್ಲವನ್ನೂ ಬಡಿದು, ಕಿವಿಯಿಟ್ಟು ಕೇಳುತ್ತಾರೆ. ಟೊಕ್ ಎಂದರೆ ಪೊಳ್ಳು, ದಬ್ ಎಂದರೆ ಮಾಲು. ಹಿಡಿದ ಮಾಲೆಲ್ಲ ಅವರ ಜಪ್ತಿ ಗಾಡಿಗೆ ಹೋಗುತ್ತದೆ. ಅದೊಂದು ಕಬ್ಬಿಣದ ಚಕ್ರಗಳ ಮರದ ಕೋಣೆ. ಮೂವತ್ತೊಂದು ವರ್ಷದ ಜಪ್ತಿಯೆಲ್ಲ ಅದರೊಳಗಿದೆ. ಗಡಿ ನಡೆದ ಹಾಗೆ ಅದನ್ನೂ ಎತ್ತು ಕಟ್ಟಿ ಎಳೆಸುತ್ತಾರೆ. ಮಾಲು ಸಿಕ್ಕಿದವರ ಪರವಾನಗಿಯ ಒಂದು ಮೂಲೆಯನ್ನು ಸಣ್ಣ ಕತ್ತರಿಯಿಂದ ಕತ್ತರಿಸುತ್ತಾರೆ. ಮೂರು ಮೂಲೆ ಹೋದರೆ ಗಾಡಿ ಸರ್ಕಾರದ್ದು.

ಹೊಸ ಪಟ್ಟಿ ಬಂದ ಮೇಲೆ ನನ್ನ ಎರಡು ಮೂಲೆ ಆಗಲೇ ಹೋಗಿತ್ತು. ಮೊದಲನೆಯ ಸಲ ಹುಣಸೆಹಣ್ಣನ್ನು ಸೀಟಿನೊಳಗೆ ಹೊಲಿದಿದ್ದೆ. ಬಿಸಿಲಿಗೆ ಅದು ಕರಗಿ ಮೇಲೆ ಬಂದಿತ್ತು; ಪರೀಕ್ಷೆಗೆಂದು ಕೂತ ಚೆಲುವಯ್ಯನವರು ಏಳಲಾಗದೆ ನನ್ನ ಕೈಯನ್ನೇ ಹಿಡಿದು ಎದ್ದರು. ಎರಡನೆಯ ಸಲ ಐದು ಕಿಲೋವನ್ನು ಹೊಟ್ಟೆಗೆ ಕಟ್ಟಿಕೊಂಡು, ಸೆರಗು ಹೊದ್ದು, ಸೊಂಟದ ಮೇಲೆ ಕೈಯಿಟ್ಟು ಹೋದೆ. ಅವರು ಎದ್ದು ನಿಂತರು. "ಎಷ್ಟು ತಿಂಗಳಮ್ಮಾ?" ಎಂದರು. "ಏಳು ಸಾರ್." "ಯಜಮಾನರು ಹೋಗಿ ಆರು ವರ್ಷ ಆಯ್ತಲ್ಲಾ?" ನಾನು ಬಾಯಿಬಿಡುವ ಮೊದಲೇ ಮುಂದುವರಿದರು: "ಬಸುರಿಗೆ ಹುಳಿ ಬಯಕೆ ಇರುತ್ತೆ, ಒಪ್ಕೋತೀನಿ. ಆದ್ರೆ ಹೊಟ್ಟೆಯಿಂದಲೇ ಹುಳಿ ವಾಸನೆ ಬರಬಾರದು." ಹಿಂದೆ ನಿಂತಿದ್ದವರು ನಕ್ಕರು. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ ಎಂದು ಒಬ್ಬ ಗಾದೆ ಬೇರೆ ಹೇಳಿದ. ಅವನ ಮನೆಯ ಸಾಮಾನನ್ನು ನಾನು ಇವತ್ತಿಗೂ ಸಾಗಿಸುವುದಿಲ್ಲ.

ಅವರು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರಬೇಕು ತಾನೇ? ಎರಡನೆಯ ಮೂಲೆ ಹೋದ ವಾರವೆಲ್ಲ ಗಡಿ ದಿನಕ್ಕೊಂದು ಗೇಣಿನಂತೆ ಈಚೆ ಕಡೆಗೆ ಬರುತ್ತಿತ್ತು. ನಾನು ಆರು ಮೂಟೆ ಹುಣಸೆಹಣ್ಣನ್ನು ವ್ಯಾನಿನಲ್ಲಿ ಹಾಡಹಗಲೇ, ಬಾಗಿಲು ತೆರೆದೇ ತುಂಬಿದೆ. ಪೇಟೆಬೀದಿಯಲ್ಲಿ, ಗಡಿಗೆ ನಾಲ್ಕೇ ಹೆಜ್ಜೆ ಇರುವಾಗ, ಈಚೆ ನೆಲದಲ್ಲೇ ನಿಲ್ಲಿಸಿದೆ. ಮೆಕ್ಯಾನಿಕ್ ದಸ್ತಗೀರ್ ಸಾಬ್ ಬಂದು ಸೆಲ್ಫ್ ಮೋಟರನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡ. "ಈಗ ನಿಜವಾಗ್ಲೂ ಕೆಟ್ಟಿದೆ ಅಕ್ಕಾ. ನಾನು ಸುಳ್ಳು ಚೀಟಿ ಬರೆಯೋನಲ್ಲ" ಎಂದು ಚೀಟಿ ಬರೆದುಕೊಟ್ಟ. ಹನ್ನೆರಡು ದಿನದಲ್ಲಿ ಗಡಿ ವ್ಯಾನನ್ನು ಮುಟ್ಟಬೇಕು, ಇನ್ನು ಮೂರು ದಿನದಲ್ಲಿ ಮುಂದೆ ಇಟ್ಟ ಮೂಟೆಯನ್ನಾದರೂ ದಾಟಬೇಕು. ವನಜನ ಬಳಿ ಹದಿನೈದು ದಿನಕ್ಕೆ ಸಾಕಾಗುವಷ್ಟು ಹುಣಸೆ ಇತ್ತು. ಲೆಕ್ಕ ಅಂದರೆ ಲೆಕ್ಕ.

ಚೆಲುವಯ್ಯನವರು ಬಂದು ಚೀಟಿಯನ್ನು ಎರಡು ಸಲ ಓದಿದರು. ಮೂಟೆಗಳನ್ನು ಮುಟ್ಟಿ ನೋಡಿದರು. ನಾಲ್ಕೂ ಚಕ್ರಗಳ ಸುತ್ತ ಸೀಮೆಸುಣ್ಣದಿಂದ ಅಚ್ಚುಕಟ್ಟಾಗಿ ಗೆರೆ ಎಳೆದು, ಒಂದು ಕುರ್ಚಿ ತರಿಸಿ, ಛತ್ರಿ ಬಿಚ್ಚಿ, ವ್ಯಾನಿನ ಎದುರಿಗೆ ಕೂತರು. "ನಿಮಗೇನೂ ಅಭ್ಯಂತರ ಇಲ್ವಲ್ಲ?" ಎಂದರು. "ಬೀದಿ ನಮ್ಮಪ್ಪನದಾ ಸಾರ್, ಕೂತ್ಕೊಳ್ಳಿ" ಎಂದೆ.

ಮರುದಿನದಿಂದಲೇ ಗಡಿ ನಿಂತುಬಿಟ್ಟಿತು. ಒಂದು ಬೆರಳೂ ಅಲುಗಲಿಲ್ಲ. ಎರಡು ದಿನ, ನಾಲ್ಕು ದಿನ, ಒಂದು ವಾರ. ಜನ ಕಡಲೆಕಾಯಿ ಕಟ್ಟಿಸಿಕೊಂಡು ಬಂದು ನೋಡಿ ಹೋಗುತ್ತಿದ್ದರು. ಚೆಲುವಯ್ಯನವರಿಗೆ ಗಡಿಯದಲ್ಲ, ನನ್ನದೇ ಚಿಂತೆ. ಮಾಲನ್ನು ಹೀಗೆ ಬಾಗಿಲು ತೆರೆದು ತೋರಿಸುವ ಕಳ್ಳಿ ಯಾವ ದೇಶದಲ್ಲೂ ಇಲ್ಲ; ಇದರೊಳಗೆ ಬೇರೇನೋ ಇದೆ ಎಂದು ಅವರು ತೀರ್ಮಾನಿಸಿದ್ದರು. ದಿನಾ ಬೆಳಿಗ್ಗೆ ವ್ಯಾನನ್ನು ಬಡಿದು ಕೇಳುವರು. ದಬ್ ಎಂದ ಭಾಗವನ್ನು ಬಿಚ್ಚಿಸಿ, ರಸೀದಿ ಕೊಟ್ಟು, ಕೂಲಂಕಷ ಪರೀಕ್ಷೆಗೆಂದು ಜಪ್ತಿ ಗಾಡಿಗೆ ಕಳಿಸುವರು. ಸೀಟು ಹೋಯಿತು, ಸ್ಟೆಪ್ನಿ ಹೋಯಿತು, ಜಾಕು ಹೋಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯ ಹೊಟ್ಟೆಯನ್ನು ಬಡಿದಾಗ ಅದೂ ದಬ್ ಎಂದಿತು. "ದೇವರಿಗೆ ಹುಳಿ ಬಯಕೆ ಇಲ್ಲ ಸಾರ್, ಬರೀ ಕಡುಬು" ಎಂದೆ. ಕೈ ಮುಗಿದು ಬಿಟ್ಟರು.

ಹೀಗೆ ಎದುರುಬದುರು ಕೂತು ಕೂತು ಮಾತು ಬೆಳೆಯಿತು. ನಾನು ಮಜ್ಜಿಗೆ ಕೊಟ್ಟರೆ ಕುಡಿಯುತ್ತಿದ್ದರು, ಲೋಟವನ್ನು ತಿರುಗಿಸಿ ತಳ ನೋಡಿ. ತಿಂಗಳ ಕೊನೆಗೆ ಅವರಿಗೆ ನಿವೃತ್ತಿಯಂತೆ. "ಮೂವತ್ತೊಂದು ವರ್ಷದಲ್ಲಿ ಮಿತಿ ಮೀರಿದ ಒಂದು ಗ್ರಾಮು ನನ್ನ ಕಣ್ತಪ್ಪಿಸಿ ಹೋಗಿಲ್ಲಮ್ಮಾ. ಜಪ್ತಿ ಗಾಡೀನ ಇದ್ದ ಹಾಗೇ ಹೊಸಬರಿಗೆ ಒಪ್ಪಿಸಿಬಿಟ್ರೆ ನನ್ನ ಕೆಲಸ ಆಯ್ತು" ಎಂದರು. ನಾನು ವನಜನ ಒಲೆಯ ಕಥೆ ಹೇಳಿದೆ. ಗಂಡ ಬಿಟ್ಟುಹೋದಾಗ ಎರಡು ಪಾತ್ರೆ, ಒಂದು ಸೌಟಿನಿಂದ ಶುರುಮಾಡಿದ್ದು, ಮುಚ್ಚಿದರೆ ಅವಳಿಗೆ ಬೇರೆ ದಾರಿಯಿಲ್ಲವೆಂಬುದು, ಎಲ್ಲ. ಪೂರ್ತಿ ಕೇಳಿ ಅವರು ಹೇಳಿದರು: "ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗೆ ಅಂತ ಗಾದೆ ಇದೆಯಲ್ಲಮ್ಮಾ, ಅದು ನನ್ನಂಥೋರಿಗೇ ಮಾಡಿದ್ದು. ನೀವು ಹೇಳಿ, ನಾನು ಕೇಳ್ತೀನಿ. ಮಿತಿ ಮಾತ್ರ ಕಾಲು ಕಿಲೋನೇ." ಆ ಕ್ಷಣ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಮಜ್ಜಿಗೆಗೆ ಉಪ್ಪು ಹಾಕುವುದನ್ನು ಎರಡು ದಿನ ಬಿಟ್ಟೆ.

ಹದಿನಾಲ್ಕನೆಯ ದಿನ ವನಜ ಗೆರೆಯ ಆಚೆ ಬಂದು ನಿಂತಳು. ಅವಳ ಮೆಸ್ಸು ಅಲ್ಲಿಂದ ಎಂಬತ್ತು ಹೆಜ್ಜೆ, ಅದೇ ಬೀದಿ. ಅದರ ಪಕ್ಕದ ಬೇವಿನ ಮರದ ನೆರಳಿನಲ್ಲೇ ಜಪ್ತಿ ಗಾಡಿ ನಿಲ್ಲುವುದು. "ಅಕ್ಕಾ, ನಾಳೆ ಒಂದು ಹೊತ್ತಿಗೆ ಆಗೋವಷ್ಟಿದೆ. ನಾಳಿದ್ದರಿಂದ ಬಾಗಿಲು ಹಾಕ್ತೀನಿ. ನೀನು ಬಿಸಿಲಲ್ಲಿ ಕೂತು ಸೊರಗಬೇಡ, ಮನೆಗೆ ಹೋಗು" ಎಂದಳು. ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಿರುಗಿ ಹೋದಳು.

ಮರುದಿನ ಮಧ್ಯಾಹ್ನ ಚೆಲುವಯ್ಯನವರು ಮೊಸರನ್ನ ಉಂಡು ಛತ್ರಿಯ ಕೆಳಗೆ ತೂಕಡಿಸಿದರು. ನಾನು ದಸ್ತಗೀರನ ಕಡೆ ನೋಡಿದೆ. ಗಡಿ ಬಾರದಿದ್ದರೆ ನಾವೇ ದಿನಕ್ಕೊಂದು ಗೇಣು ಹೋದರಾಯಿತು ಎಂಬುದು ನನ್ನ ತಲೆಗೆ ಹೊಳೆದ ಉಪಾಯ. ಇಬ್ಬರೂ ಉಸಿರು ಬಿಗಿಹಿಡಿದು ಹಿಂದಿನಿಂದ ತಳ್ಳಿದೆವು. ವ್ಯಾನು ಸರಿಯಾಗಿ ಒಂದು ಗೇಣು ಮುಂದೆ ಹೋಗಿ, ಸದ್ದಿಲ್ಲದೆ ನಿಂತಿತು. "ಅಕ್ಕಾ, ಹಳೇ ಗೆರೆ ಒರೆಸಿ ಹೊಸದು ಎಳೀರಿ" ಎಂದು ದಸ್ತಗೀರ್ ಪಿಸುಗುಟ್ಟಿದ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹದಿನೈದು ದಿನ ಕೂತು ಯೋಚಿಸಿದ ನಮಗೆ ಒಂದು ತುಂಡು ಸೀಮೆಸುಣ್ಣ ತರಬೇಕೆಂದು ಹೊಳೆದಿರಲಿಲ್ಲ. ಊರಿನಲ್ಲಿ ಸೀಮೆಸುಣ್ಣ ಇದ್ದದ್ದು ಎರಡೇ ಕಡೆ: ಶಾಲೆಯಲ್ಲಿ ಮತ್ತು ಚೆಲುವಯ್ಯನವರ ಜೇಬಿನಲ್ಲಿ. ಶಾಲೆಗೆ ಬೇಸಿಗೆ ರಜೆ.

ಅವರು ಕಣ್ಣು ಬಿಟ್ಟರು. ಮೊದಲು ಚಕ್ರ ನೋಡಿದರು, ಆಮೇಲೆ ಗೆರೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬೈಯಲಿಲ್ಲ. "ಪರವಾನಗಿ ಕೊಡಿ" ಎಂದರು. ಕೊಟ್ಟೆ. ಆ ವ್ಯಾನು ಹೋದರೆ ನನಗೆ ಉಳಿಯುವುದು ಒರೆಸುವ ಬಟ್ಟೆ ಮಾತ್ರ. ವನಜ ತನ್ನ ಬಾಗಿಲಿನಿಂದ ಕತ್ತು ಚಾಚಿ ನೋಡುತ್ತಿದ್ದಳು. ಚೆಲುವಯ್ಯನವರು ಕತ್ತರಿ ತೆಗೆದು ಮೂರನೆಯ ಮೂಲೆಗೆ ಇಟ್ಟರು.

ಆಗ ಗಡಿ ಎದ್ದಿತು. ಹಾಗೆ ಎದ್ದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಒಣಹಾಕಿದ ಸೀರೆಯನ್ನು ಯಾರೋ ಸರ್ರನೆ ಎಳೆದುಕೊಂಡ ಹಾಗೆ ಬೀದಿಯುದ್ದಕ್ಕೂ ಓಡಿತು, ನಮ್ಮ ಕಡೆಗಲ್ಲ, ಆಚೆ ಕಡೆಗೆ. ಸೈಕಲ್ ಅಂಗಡಿ ದಾಟಿತು, ಬಳೆಯಂಗಡಿ ದಾಟಿತು, ವನಜನ ಮೆಸ್ಸಿನ ಒಲೆಯನ್ನೂ ಬಾಗಿಲನ್ನೂ ದಾಟಿತು, ಬೇವಿನ ಮರವನ್ನೂ ಅದರ ಕೆಳಗಿನ ಜಪ್ತಿ ಗಾಡಿಯನ್ನೂ ದಾಟಿ, ಅಲ್ಲಿಂದ ಒಂಬತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಚೆಲುವಯ್ಯನವರು ಕತ್ತರಿ ಹಿಡಿದುಕೊಂಡೇ ವ್ಯಾನಿನಿಂದ ಹೊಸ ಗಡಿಯವರೆಗೆ ಹೆಜ್ಜೆ ಎಣಿಸಿಕೊಂಡು ಹೋದರು, ಎಣಿಸಿಕೊಂಡು ಬಂದರು. "ತೊಂಬತ್ತಮೂರು. ಐವತ್ತರಾಚೆ ನನಗೆ ಅಧಿಕಾರ ಇಲ್ಲ" ಎಂದು ಕತ್ತರಿಯನ್ನು ಮಡಿಸಿ, ಪರವಾನಗಿಯನ್ನು ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟರು. ಆ ಒಂದು ನಿಮಿಷ ಅವರ ಮೇಲೆ ನನಗೆ ನಿಜವಾದ ಗೌರವ ಬಂತು.

ವನಜನ ಅಡುಗೆಮನೆ ಈಗ ಈಚೆ ದೇಶದಲ್ಲಿತ್ತು. ಆರು ಮೂಟೆಗಳನ್ನು ಬೀದಿಯವರೇ ಹೆಗಲ ಮೇಲೆ ಹೊತ್ತು ಒಯ್ದರು. ಯಾವ ಗೆರೆಯನ್ನೂ ದಾಟುವ ಪ್ರಶ್ನೆಯೇ ಬರಲಿಲ್ಲ. ಮರುದಿನ ಸಾರಿನ ಘಮ ಹೊಸ ಗಡಿಯನ್ನು ಪರವಾನಗಿಯಿಲ್ಲದೆ ದಾಟಿ ಆಚೆಯ ಮೂರು ಬೀದಿಯವರನ್ನೂ ಎಬ್ಬಿಸಿತು. ಅವರು ಬಂದು ಉಂಡು ವಾಪಸು ಹೋಗುವಾಗ ಗಡಿಯಲ್ಲಿ ಚೆಲುವಯ್ಯನವರನ್ನು ಕೇಳಿದರು, ಇದಕ್ಕೇನು ಮಿತಿ ಎಂದು. ಅವರು ಪಟ್ಟಿ ತಿರುವಿ ನೋಡಿದರು. "ಹೊಟ್ಟೆಯೊಳಗಿರೋದು ಸಾಮಾನಲ್ಲ" ಎಂದು ಬರೆದು ರುಜು ಹಾಕಿದರು.

ಅವರ ತೊಂದರೆ ಬೇರೆಯೇ ಇತ್ತು. ಅವರ ಜಪ್ತಿ ಗಾಡಿ ಈಗ ಈಚೆ ನೆಲದಲ್ಲಿತ್ತು. ಅದನ್ನು ಆಚೆ ಎಳೆಸಬೇಕೆಂದರೆ ಗಡಿ ದಾಟಬೇಕು. ಅದರೊಳಗೆ ಹುಣಸೆಹಣ್ಣೊಂದೇ ನಾಲ್ಕು ಕ್ವಿಂಟಲ್. ಮಿತಿ, ಗಾಡಿಗೆ ಕಾಲು ಕಿಲೋ. ತಿಂಗಳ ಕೊನೆಗೆ ಹನ್ನೆರಡು ದಿನ ಉಳಿದಿತ್ತು. "ಎಳ್ಕೊಂಡ್ ಹೋಗಿಬಿಡಿ ಸಾರ್, ತಡೆಯೋರು ಯಾರಿದ್ದಾರೆ?" ಎಂದರು ಜನ. "ನಾನಿದ್ದೀನಲ್ಲ" ಎಂದರು ಚೆಲುವಯ್ಯನವರು.

ಮೂರನೆಯ ದಿನ ಅವರು ಮೆಸ್ಸಿನ ಬಾಗಿಲಿಗೆ ಬಂದರು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಸಾರಿನಲ್ಲಿ ಸುಂಕ ಕಟ್ಟದ ಹುಣಸೆ ಇದ್ದೀತೆಂದು ಮನೆಯಿಂದ ಬುತ್ತಿ ತರುತ್ತಿದ್ದರು. ಈಗ ಈಚೆ ನೆಲ, ಈಚೆ ಹುಣಸೆ, ಅಡ್ಡಿಯಿಲ್ಲ. ವನಜ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹದಿನೆಂಟು ವರ್ಷ ಇದನ್ನ ಬರೀ ಮೂಸಿದ್ದೀನಮ್ಮಾ" ಎಂದರು. ಇನ್ನೊಂದು ಸೌಟು ಕೇಳಿದಾಗ ನಾನು ಸುಮ್ಮನಿರಲಾರದೆ "ಸ್ವಂತ ಬಳಕೆಗೋ ಸಾರ್, ವ್ಯಾಪಾರಕ್ಕೋ?" ಎಂದೆ. ಅವರು ನಗಲಿಲ್ಲ. ಕೈ ತೊಳೆದು ಬಂದು ನನ್ನೆದುರು ಕೂತು ಹೇಳತೊಡಗಿದರು. ಗಾಡಿಯನ್ನು ಆಚೆ ನೆಲದಲ್ಲಿ ಒಪ್ಪಿಸದಿದ್ದರೆ ದಾಖಲೆಯಲ್ಲಿ "ಮಾಲು ಕಳೆದಿದೆ" ಎಂದು ಬರೆಯುತ್ತಾರಂತೆ. ಮೂವತ್ತೊಂದು ವರ್ಷದ ಮೇಲೆ ಆ ಒಂದು ಸಾಲು. ಹೆಂಡತಿ "ಬಿಟ್ಟಾಕಿ, ಯಾರು ಓದ್ತಾರೆ" ಎನ್ನುತ್ತಾರಂತೆ, ಆದರೆ ಇವರಿಗೆ ನಿದ್ದೆ ಬರುವುದಿಲ್ಲವಂತೆ. ಸುಂಕದವರು ನನ್ನ ಮುಂದೆ ಕೂತು ಸುಖದುಃಖ ಹೇಳಿಕೊಳ್ಳುತ್ತಿದ್ದರು. ನಗಬೇಕೆಂದು ಬಾಯಿ ತೆರೆದೆ, ನಗು ಬರಲಿಲ್ಲ. ಪಾಪ ಅನ್ನಿಸಿತು, ಇದ್ದದ್ದನ್ನು ಹೇಳುತ್ತೇನೆ.

"ಗಾಡಿ ಕೆಟ್ಟಿದೆ ಅನ್ನಿ ಸಾರ್. ಗಡಿ ವಾಪಸು ಬರೋವರೆಗೆ ಕಾಯಿರಿ" ಎಂದೆ. ಅವರು ಎದ್ದು ಹೋಗಿ ಗಾಡಿಯನ್ನೊಮ್ಮೆ ಸುತ್ತಿ ಬಂದರು. "ಕೆಟ್ಟಿಲ್ವಲ್ಲ" ಎಂದರು. ದಸ್ತಗೀರ್ ಹೋಗಿ ಚಕ್ರವನ್ನು ಅಚ್ಚಿನಲ್ಲಿ ಹಿಡಿದಿಡುವ ಒಂದು ಕಡಾಣಿ ಕಿತ್ತು ಚೀಲಕ್ಕೆ ಹಾಕಿಕೊಂಡ. "ಈಗ ಕೆಟ್ಟಿದೆ ಸಾಬ್. ನಾನು ಸುಳ್ಳು ಚೀಟಿ ಬರೆಯೋನಲ್ಲ." ಚೆಲುವಯ್ಯನವರು ಚೀಟಿಯನ್ನು ಎರಡು ಸಲ ಓದಿ, ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟರು. "ನನ್ನ ಗಾಡೀನ ನಾನೇ ತಪಾಸಣೆ ಮಾಡೋದು ನ್ಯಾಯ ಅಲ್ಲ. ನೀವು ಮಾಡಿ."

ನಾನು ಮಾಡಿದೆ. ಮೊದಲ ದಿನಗಳಲ್ಲಿ ಮನಸಾರೆ ಮಾಡಿದೆ. ನಾಲ್ಕು ಕಬ್ಬಿಣದ ಚಕ್ರಗಳ ಸುತ್ತ ಗೆರೆ ಎಳೆದೆ. ದಿನಾ ಬೆಳಿಗ್ಗೆ ಹೋಗಿ ಗಾಡಿಯ ಹಲಗೆಗಳನ್ನು ಬೆರಳಗಂಟಿನಿಂದ ಬಡಿದೆ. ಎಲ್ಲ ಕಡೆಯೂ ದಬ್. ಅವರ ಬುತ್ತಿ ಬಿಚ್ಚಿಸಿದೆ, ಮಜ್ಜಿಗೆ ಲೋಟದ ತಳ ನೋಡಿದೆ, ಛತ್ರಿಗೆ ರಸೀದಿ ಇದೆಯೇ ಎಂದು ಕೇಳಿದೆ. ನನ್ನ ಸೀಟು, ಸ್ಟೆಪ್ನಿ, ಜಾಕುಗಳನ್ನು ರಸೀದಿ ತೋರಿಸಿ ಬಿಡಿಸಿಕೊಂಡೆ. ಅವರು ಎಲ್ಲದಕ್ಕೂ ಎದ್ದು ನಿಂತು ಉತ್ತರ ಕೊಟ್ಟರು. ಗಡಿ ಮಾತ್ರ ಒಂಬತ್ತು ಹೆಜ್ಜೆ ದೂರದಲ್ಲಿ ಮುನಿಸಿಕೊಂಡೇ ಕೂತಿತ್ತು. ತಿಂಗಳು ಮುಗಿಯಲು ಆರು ದಿನ ಉಳಿಯಿತು, ನಾಲ್ಕು ಉಳಿಯಿತು. ಅವರ ಇಸ್ತ್ರಿ ಸುಕ್ಕಾಯಿತು. ಸಾರಿಗೂ ಬರುವುದನ್ನು ಬಿಟ್ಟರು.

ಮೂರು ದಿನ ಉಳಿದಿದ್ದ ಬೆಳಿಗ್ಗೆ ನಾನು ಹೋದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಬೇವಿನ ಮರದ ತುದಿಯನ್ನು ನೋಡುತ್ತಿದ್ದರು. ಮರದ ಹಿಂದೆ ಒಂದು ಹಾರೆ ಒರಗಿತ್ತು. ಅವರ ಎರಡೂ ಅಂಗೈಗಳಲ್ಲಿ ಕೀಲೆಣ್ಣೆಯ ಕಪ್ಪು. ನಾನು ಬಗ್ಗಿ ನೋಡಿದೆ. ನಾಲ್ಕೂ ಚಕ್ರಗಳು ಗೆರೆ ಬಿಟ್ಟು ಗಡಿಯ ಕಡೆಗೆ ಒಂದು ಗೇಣು ಸರಿದಿದ್ದವು. ಒಂಬತ್ತು ಹೆಜ್ಜೆಯಲ್ಲಿ ಒಂದು ಗೇಣಿನಿಂದ ಏನಾಗುತ್ತದೆ ಎಂದು ಕೇಳಬೇಡಿ. ನಾವು ತಳ್ಳಿದ್ದೂ ಒಂದೇ ಗೇಣು. ಸೀಮೆಸುಣ್ಣ ತಮ್ಮ ಜೇಬಿನಲ್ಲಿಲ್ಲವೆಂಬುದು ಪಾಪ ಅವರಿಗೂ ತಳ್ಳಿದ ಮೇಲೆಯೇ ನೆನಪಾಗಿರಬೇಕು.

"ಎಲ್ಲ ಸರಿ ಇದೆಯೇನಮ್ಮಾ?" ಎಂದರು.

ನಾನು ಹಳೆಯ ಗೆರೆಗಳನ್ನು ಒಂದೊಂದಾಗಿ ಕಾಲಿನಿಂದ ಒರೆಸಿದೆ. ಸೆರಗಿನ ಗಂಟು ಬಿಚ್ಚಿ ಸೀಮೆಸುಣ್ಣ ತೆಗೆದು, ಚಕ್ರಗಳು ನಿಂತಲ್ಲೇ ಹೊಸದಾಗಿ ಎಳೆದೆ, ಅವರಷ್ಟೇ ಅಚ್ಚುಕಟ್ಟಾಗಿ.

"ಇದ್ದಲ್ಲೇ ಇದೆ ಸಾರ್. ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಎಂದೆ. ಉಳಿದ ಸೀಮೆಸುಣ್ಣವನ್ನು ಅವರ ಕುರ್ಚಿಯ ತೋಳಿನ ಮೇಲೆ ಇಟ್ಟು, ತಿರುಗಿ ನೋಡದೆ ಬಂದೆ.